ಬಿಸಿಲುನಾಡಿನ ಬೂಷ್ಟು, ಕೋಳಿಯ ಲಿವರ್

ಬೂಷ್ಟೇನಿದ್ದರೂ ಮಲೆನಾಡಿನ ತೇವದ ಗೋಡೆಗೆ, ರಾಯಚೂರಿನ ಬಿಸಿಲಲ್ಲಿ ಅದೆಲ್ಲಿ ಬದುಕೀತು ಎನ್ನುವವರಿದ್ದಾರೆ. ಕೋಳಿ ಸಾಕುವವರು ಮಾತ್ರ ಹಾಗೆ ನಂಬಿ ಕೂರುವಂತಿಲ್ಲ. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಮಿಶ್ರಿತ ಹಸಿರು ಬೂಷ್ಟಿಗೆ 30 ಡಿಗ್ರಿ ಆಸುಪಾಸಿನ ಸೆಖೆಯೇ ಹಿತ. ಬಳ್ಳಾರಿಯ ಮಸಾರಿ ಹೊಲದಲ್ಲಿ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಬಾಡಿದ ಗಿಡದ ಕಾಯಿಯೊಳಗೆ ಅದು ಅಲ್ಲೇ ಸೇರಿಕೊಳ್ಳುತ್ತದೆ. ಕೊಪ್ಪಳದ ಮೆಕ್ಕೆಜೋಳದ ಕಥೆ ಬೇರೆ. ರಾಶಿಯ ಹೊತ್ತಿಗೆ ಹಿಂಗಾರಿನ ಒಂದು ಮಳೆ ಬಿದ್ದರೆ ಸಾಕು, ರಸ್ತೆ ಮೇಲೆ ಹರವಿದ ಕಾಳು ಅರೆಬರೆ ಒಣಗಿ ಚೀಲ ಸೇರುತ್ತದೆ. ತೇವಾಂಶ ಶೇ. 13ನ್ನು ದಾಟಿದ ಕಾಳು, ಅದರಲ್ಲೂ ಒಡೆದ ಕಾಳು, ಬೂಷ್ಟಿಗೆ ಬಾಗಿಲು ತೆರೆದಂತೆ.

ಈ ಬೂಷ್ಟು ಉತ್ಪಾದಿಸುವ ವಿಷವೇ ಅಫ್ಲಾಟಾಕ್ಸಿನ್. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ತಿಳಿಯದೆ ಅದನ್ನು 'ಟರ್ಕಿ ಎಕ್ಸ್' ರೋಗವೆಂದು ಕರೆದರು. ಬ್ರೆಜಿಲಿನಿಂದ ತರಿಸಿದ್ದ ಶೇಂಗಾ ಹಿಂಡಿಯಲ್ಲಿ ವಿಷ ಸಿಕ್ಕಿತು.

ನಮ್ಮ ಕೋಳಿಗಳು ಟರ್ಕಿಗಿಂತ ಗಟ್ಟಿ, ಹಾಗೆ ಸಾಮೂಹಿಕವಾಗಿ ಸಾಯುವುದು ಅಪರೂಪ. ತೊಂದರೆ ಇರುವುದೇ ಇಲ್ಲಿ. ಹೊಟ್ಟೆ ಸೇರಿದ ವಿಷವನ್ನು ಕರಗಿಸಲು ಹೊರಟ ಲಿವರ್, ಅದನ್ನು ಇನ್ನೂ ಉಗ್ರವಾದ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನೇ ಕುಗ್ಗಿಸುತ್ತದೆ. ಕೊಯ್ದು ನೋಡಿದರೆ ಲಿವರ್ ಊದಿ, ಕೊಬ್ಬು ತುಂಬಿ ಹಳದಿಗಟ್ಟಿರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಸಾಲದೆ ಮಾಂಸದಲ್ಲಿ ಕಂದಿದ ಕಲೆ ಮೂಡುತ್ತವೆ. ಬ್ರಾಯ್ಲರ್ ತಿಂದಷ್ಟು ತೂಕ ಬರುವುದಿಲ್ಲ, ಮೊಟ್ಟೆಗೆಂದು ಸಾಕುವ ಲೇಯರ್ ಇಡುವ ಮೊಟ್ಟೆ ಕಡಿಮೆಯಾಗುತ್ತದೆ. ರೋಗನಿರೋಧಕ ಶಕ್ತಿ ಕುಸಿಯುವುದರಿಂದ ರಾಣಿಖೇತ್, ಗುಂಬೊರೊ ಲಸಿಕೆ ಹಾಕಿದ್ದರೂ ರೋಗ ನುಗ್ಗುತ್ತದೆ. ಆಗ ಬೈಗುಳ ಬೀಳುವುದು ಲಸಿಕೆಗೆ, ಮರಿ ಕೊಟ್ಟವನಿಗೆ, ಬಿಸಿಲಿಗೆ. ಫೀಡಿನ ಚೀಲದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಇದು ಎಷ್ಟು ಕಡಿಮೆ ಪ್ರಮಾಣದ ಆಟ ನೋಡಿ. ಕೋಳಿ ಆಹಾರದಲ್ಲಿ ಅಫ್ಲಾಟಾಕ್ಸಿನ್‌ನ ಬಿ1 ಎಂಬ ಬಗೆಗೆ ನಮ್ಮ ದೇಶದ ಮಾನದಂಡದ ಗರಿಷ್ಠ ಮಿತಿ ಕಿಲೋಗೆ 20 ಮೈಕ್ರೋಗ್ರಾಂ. ಒಂದು ಟನ್ ಫೀಡಿಗೆ ಲೆಕ್ಕ ಹಾಕಿದರೆ 20 ಮಿಲಿಗ್ರಾಂ, ಹೆಚ್ಚುಕಡಿಮೆ ಎರಡು ಸೋನಾಮಸೂರಿ ಅಕ್ಕಿಕಾಳುಗಳ ತೂಕ.

ಬೂಷ್ಟು ಹಿಡಿದ ಕಾಳನ್ನು ಮತ್ತೆ ಬಿಸಿಲಿಗೆ ಹಾಕಿ, ಕೊಡವಿ, ಬೀಸಿ ಕೊಟ್ಟರಾಯಿತು ಎನ್ನುವುದು ಹಲವರ ಉಪಾಯ. ಬಿಸಿಲಿಗೆ ಬೂಷ್ಟು ಬೆಳೆಯುವುದು ನಿಂತೀತು, ಆಗಲೇ ಹುಟ್ಟಿದ ವಿಷ ಹೋಗದು. ಫೀಡನ್ನು ಗುಳಿಗೆ ಮಾಡುವ ಪೆಲೆಟ್ ಯಂತ್ರದ ಹಬೆಗೂ ಅದು ಬಗ್ಗುವುದಿಲ್ಲ. ಬೆಂಟೊನೈಟ್ ಜೇಡಿಮಣ್ಣಿನ ಪುಡಿ ಬೆರೆಸಿದರೆ ಅದು ಕರುಳಿನಲ್ಲೇ ಅಫ್ಲಾಟಾಕ್ಸಿನನ್ನು ಹಿಡಿದಿಟ್ಟು ಹಿಕ್ಕೆಯೊಂದಿಗೆ ಹೊರಹಾಕುತ್ತದೆ, ನಿಜ. ಆದರೆ ಬಾಯಿಹುಣ್ಣು ತರುವ ಟಿ-2, ಮೂತ್ರಪಿಂಡ ಕೆಡಿಸುವ ಓಕ್ರಾಟಾಕ್ಸಿನ್ ಮುಂತಾದ ಬೇರೆ ಬೂಷ್ಟುವಿಷಗಳ ಮೇಲೆ ಈ ಮಣ್ಣಿನ ಆಟ ಅಷ್ಟಾಗಿ ನಡೆಯದು. ಹಾಗಾಗಿ ಹೀಗೆ ವಿಷ ಹಿಡಿದಿಡುವ ಪುಡಿಯ, ಅಂದರೆ ಬೈಂಡರ್‌ನ, ಡಬ್ಬಿಗಿಂತ ಮೊದಲು ತೇವಾಂಶ ಅಳೆಯುವ ಮೀಟರಿಗೆ ದುಡ್ಡು ಹಾಕುವುದು ಜಾಣತನ ಎಂದು ನನ್ನ ಎಣಿಕೆ.

ಪರೀಕ್ಷೆಗೆ ಕಳಿಸುವಾಗಲೂ ಒಂದೇ ಚೀಲದ ಬಾಯಿಂದ ಒಂದು ಹಿಡಿ ತೆಗೆದು ಕಳಿಸಬಾರದು. ವಿಷ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗುಡ್ಡೆಗಟ್ಟಿರುತ್ತದೆ. ಹಲವು ಚೀಲಗಳ ಮೇಲೆ, ನಡು, ತಳದಿಂದ ತೆಗೆದು, ಒಟ್ಟಿಗೆ ಬೀಸಿ, ಚೆನ್ನಾಗಿ ಕಲಸಿ ಕಳಿಸಿದರೆ ಮಾತ್ರ ಬಂದ ಅಂಕಿಯನ್ನು ನಂಬಬಹುದು.