ಬಾವುಟಕ್ಕೆ ಎರಡು ಮುಖ

1947ರ ಜುಲೈ 22ರಂದು ಸಂವಿಧಾನ ಸಭೆಯಲ್ಲಿ ಜವಾಹರಲಾಲ್ ನೆಹರೂ ರಾಷ್ಟ್ರಧ್ವಜದ ನಿರ್ಣಯ ಮಂಡಿಸಿದರು. ಸ್ವಾತಂತ್ರ್ಯದ ಬಗ್ಗೆ, ಅಶೋಕನ ಬಗ್ಗೆ ಮನಸ್ಸು ತುಂಬಿ ಮಾತಾಡಿದರು. ಅದರ ನಡುವೆ ಒಂದು ಅಪ್ಪಟ ರೇಖಾಗಣಿತದ ಮಾತನ್ನೂ ಹೇಳಿದರು. ಅದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ.

ಅದಕ್ಕೂ ಮೊದಲಿನ ತ್ರಿವರ್ಣದಲ್ಲಿ ಪೂರ್ತಿ ಚರಕವೇ ಇತ್ತು. ಒಂದು ಕಡೆ ಗಾಲಿ, ಇನ್ನೊಂದು ಕಡೆ ನೂಲು ಸುತ್ತುವ ಕದಿರು. ಬಾವುಟವನ್ನು ಜನ ಎರಡೂ ಬದಿಯಿಂದ ನೋಡುತ್ತಾರೆ, ಅಲ್ವಾ? ಈ ಬದಿಯಲ್ಲಿ ಗಾಲಿ ಕಂಬದ ಕಡೆ ಇರುವಂತೆ ಬರೆದಿದ್ದೀರಿ ಅಂದುಕೊಳ್ಳಿ. ಆಚೆ ಬದಿಗೂ ಗಾಲಿ ಕಂಬದ ಕಡೆಯೇ ಬರಬೇಕಾದರೆ ಚಿತ್ರ ಎಡಬಲ ತಿರುಗುತ್ತದೆ. ಚಿತ್ರ ತಿರುಗಬಾರದು ಅಂದರೆ ಗಾಲಿ ಕಂಬ ಬಿಟ್ಟು ತುದಿಯ ಕಡೆ ಹೋಗುತ್ತದೆ. ಎರಡರಲ್ಲಿ ಒಂದು ತಪ್ಪುವುದು ಖಂಡಿತ. ಧ್ವಜದ ಮೇಲಿನ ಗುರುತು ಎರಡೂ ಬದಿಯಲ್ಲಿ ಒಂದೇ ಥರ ಇರಬೇಕು ಎನ್ನುವುದು ನೆಹರೂ ಅವರ ವಾದ. ಹಾಗಾಗಿ ಕದಿರನ್ನು ಬಿಟ್ಟು ಗಾಲಿಯನ್ನು ಮಾತ್ರ ಉಳಿಸಿಕೊಂಡರು. ಸಾರನಾಥದ ಸಿಂಹಸ್ತಂಭದ ಪೀಠದ ಮೇಲಿರುವ 24 ಅರಗಳ ಚಕ್ರವೇ ಅದಕ್ಕೆ ಮಾದರಿಯಾಯಿತು.

ನನಗೆ ಈ ಕಥೆ ತುಂಬಾ ಇಷ್ಟ. ನಮ್ಮ ಬಾವುಟದ ವಿನ್ಯಾಸದಲ್ಲೂ ಅದನ್ನು ಹಾರಿಸುವ ಕಟ್ಟುಪಾಡುಗಳಲ್ಲೂ ಸುಮ್ನೆ ಇಟ್ಟ ಸಂಗತಿಗಳು ಕಡಿಮೆ. ಗಾಳಿ, ಬೆಳಕು, ನೋಡುವ ಕಣ್ಣು, ಬಟ್ಟೆಯ ನೂಲು ಇವೆಲ್ಲ ಲೆಕ್ಕಕ್ಕೆ ಬಂದಿವೆ.

ಚಕ್ರವನ್ನೇ ತಗೊಳ್ಳಿ. 24 ಅರ ಅಂದರೆ ಒಂದೊಂದರ ನಡುವೆ 15 ಡಿಗ್ರಿ. ಎಡಬಲ ತಿರುಗಿಸಿದರೂ ಅದೇ ಚಕ್ರ. 90 ಡಿಗ್ರಿ ತಿರುಗಿಸಿದರೆ ಒಂದೊಂದು ಅರವೂ ಆರು ಸ್ಥಾನ ಸರಿದು ಮತ್ತೆ ಅದೇ ಚಿತ್ರ. ಪೂರ್ತಿ ತಲೆಕೆಳಗು ಮಾಡಿದರೂ ಅಷ್ಟೇ. ಅಂದರೆ ಚಕ್ರವನ್ನು ಮಾತ್ರ ನೋಡಿ ಬಾವುಟದ ಮೇಲು ಯಾವುದು ಕೆಳಗು ಯಾವುದು ಎಂದು ಹೇಳಲು ಆಗುವುದಿಲ್ಲ. ಆ ಕೆಲಸ ಪೂರ್ತಿ ಕೇಸರಿ ಮತ್ತು ಹಸಿರಿನದ್ದು. ಅದಕ್ಕೇ ಧ್ವಜಸಂಹಿತೆ ಬಣ್ಣದ ಜಾಗದ ಬಗ್ಗೆ ಅಷ್ಟು ಕಟ್ಟುನಿಟ್ಟು. ಅಡ್ಡಲಾಗಿದ್ದರೆ ಕೇಸರಿ ಮೇಲೆ. ಗೋಡೆಯ ಮೇಲೆ ಉದ್ದುದ್ದಕ್ಕೆ ಇಳಿಬಿಟ್ಟರೆ, ಎದುರು ನಿಂತು ನೋಡುವವರ ಎಡಗಡೆಗೆ ಕೇಸರಿ ಬರಬೇಕು. ಕೇಸರಿ ಕೆಳಗೆ ಮಾಡಿ ಹಾರಿಸುವುದು ತಪ್ಪು.

ಚಕ್ರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಆಫ್ರಿಕಾದ ನೈಜರ್ ದೇಶದ ಬಾವುಟದಲ್ಲೂ ಮೇಲೆ ಕಿತ್ತಳೆ, ನಡುವೆ ಬಿಳಿ, ಕೆಳಗೆ ಹಸಿರು. ನಡುವೆ ಕಿತ್ತಳೆ ಬಣ್ಣದ ಗುಂಡು. ದೂರದಿಂದ ನೋಡಿದಾಗ ನಮ್ಮದನ್ನು ಬೇರೆ ಮಾಡಿ ತೋರಿಸುವುದು ನೀಲಿ ಚಕ್ರವೇ.

ಎಷ್ಟು ದೂರದಿಂದ? ಮನುಷ್ಯನ ಕಣ್ಣಿಗೆ ಒಂದು ಮಿತಿ ಇದೆ. ಸರಿಯಾದ ದೃಷ್ಟಿ ಇರುವವರೂ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗಕ್ಕಿಂತ ಸಣ್ಣ ವಿವರಗಳನ್ನು ಬಿಡಿಸಿ ನೋಡಲಾರರು. 900 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಬಾವುಟದಲ್ಲಿ ಚಕ್ರದ ವ್ಯಾಸ 185 ಮಿ.ಮೀ. ಅದರ ಅಂಚಿನಲ್ಲಿ ಒಂದು ಅರದಿಂದ ಇನ್ನೊಂದಕ್ಕೆ ಸುಮಾರು 24 ಮಿ.ಮೀ. ಅಂತರ. ಅದರಲ್ಲಿ ಅರ್ಧ ಅರಕ್ಕೆ, ಅರ್ಧ ನಡುವಿನ ಬಿಳಿಗೆ ಎಂದು ಲೆಕ್ಕ ಹಾಕಿದರೆ, 40 ಮೀಟರಿನ ಆಚೆ ಹೋಗುವಷ್ಟರಲ್ಲಿ ಅರಗಳು ಒಂದರೊಳಗೊಂದು ಕಲೆತು ಬರೀ ನೀಲಿ ವೃತ್ತ ಉಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಮಾನಕ ಬಾವುಟ 6300 × 4200 ಮಿ.ಮೀ. ಅದರ ಚಕ್ರದ ವ್ಯಾಸ 1295 ಮಿ.ಮೀ., ಅರಗಳ ನಡುವೆ ಸುಮಾರು 17 ಸೆಂ.ಮೀ. ಅಲ್ಲಿ ಸುಮಾರು 290 ಮೀಟರ್ ದೂರದವರೆಗೂ ಅಂಚಿನ ಅರಗಳನ್ನು ಗುರುತಿಸಬಹುದು. ಕಟ್ಟಡದ ಎತ್ತರ ನೋಡಿ ಬಾವುಟದ ಅಳತೆ ಆರಿಸಬೇಕು ಎನ್ನುವುದು ಇದಕ್ಕೇ. ಹೀಗೆ ಒಟ್ಟು 9 ಅಳತೆಗಳಿವೆ. 225 × 150 ಕಾರಿಗೆ, 150 × 100 ಮೇಜಿಗೆ. ಎಲ್ಲದಕ್ಕೂ ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು.

ಬಣ್ಣಕ್ಕೆ ಬರೋಣ. ಕೇಸರಿ ತ್ಯಾಗ, ಬಿಳಿ ಸತ್ಯದ ಬೆಳಕು, ಹಸಿರು ನಮ್ಮನ್ನು ಹೊತ್ತ ಮಣ್ಣಿನ ನಂಟು, ಚಕ್ರ ಧರ್ಮ ಮತ್ತು ಚಲನೆ. ಇದು ಎಸ್. ರಾಧಾಕೃಷ್ಣನ್ ಕೊಟ್ಟ ವಿವರಣೆಯ ಸಾರ. ಶಾಲೆಯಲ್ಲಿ ಎಲ್ಲರೂ ಓದಿರುವುದೇ. 1921ರಲ್ಲಿ ಪಿಂಗಳಿ ವೆಂಕಯ್ಯ ವಿಜಯವಾಡದಲ್ಲಿ ಗಾಂಧೀಜಿಗೆ ಬಾವುಟದ ವಿನ್ಯಾಸ ತೋರಿಸಿದ ಕಾಲದಲ್ಲಿ ಬಣ್ಣಗಳನ್ನು ಧರ್ಮಗಳ ಜೊತೆ ಸೇರಿಸಿ ನೋಡುತ್ತಿದ್ದರು. 1931ರಲ್ಲಿ ಕಾಂಗ್ರೆಸ್ ಕೇಸರಿ, ಬಿಳಿ, ಹಸಿರನ್ನು ಒಪ್ಪಿಕೊಂಡಾಗ ಇವುಗಳಿಗೆ ಕೋಮಿನ ಅರ್ಥ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಆ ನಿರ್ಧಾರ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ.

ಆದರೆ 'ಕೇಸರಿ' ಎಂದು ಬರೆದರೆ ಬಣ್ಣ ಹಾಕುವವನಿಗೆ ಏನು ಗೊತ್ತಾಗಬೇಕು? ಒಬ್ಬರ ಕೇಸರಿ ಇನ್ನೊಬ್ಬರಿಗೆ ಕಿತ್ತಳೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಎರಡು ಬಟ್ಟೆ ಬಿಸಿಲಿಗೆ ತಂದಾಗ ಬೇರೆ ಬೇರೆ ಆಗುವುದನ್ನು ಸೀರೆಗೆ ಬ್ಲೌಸ್ ಪೀಸ್ ಹುಡುಕಿದವರೆಲ್ಲ ಬಲ್ಲರು. ಎರಡು ಬಗೆಯ ಬಣ್ಣ ಒಂದು ಬೆಳಕಿನಲ್ಲಿ ಕಣ್ಣನ್ನು ಒಂದೇ ರೀತಿ ತಟ್ಟಿ, ಇನ್ನೊಂದರಲ್ಲಿ ಬೇರೆಯಾಗಿ ತಟ್ಟಬಹುದು. ಇದಕ್ಕೆ ಪರಿಹಾರ ಅಂದರೆ ಬಣ್ಣವನ್ನು ಸಂಖ್ಯೆಯಲ್ಲಿ ಬರೆಯುವುದು. 1951ರಲ್ಲಿ ಭಾರತ ತನ್ನ ಮೊಟ್ಟಮೊದಲ ಮಾನಕವನ್ನು ಹೊರಡಿಸಿತು. ಅದರ ಹೆಸರು ಐಎಸ್ 1. ವಿಷಯ ಸಿಮೆಂಟೂ ಅಲ್ಲ, ಕಬ್ಬಿಣವೂ ಅಲ್ಲ, ರಾಷ್ಟ್ರಧ್ವಜ. 1964 ಮತ್ತು 1968ರಲ್ಲಿ ಅದನ್ನು ಪರಿಷ್ಕರಿಸಿದರು. ಗೊತ್ತುಪಡಿಸಿದ ಬೆಳಕಿನಲ್ಲಿ ಪ್ರತಿ ಬಣ್ಣವೂ ಎಷ್ಟಿರಬೇಕು ಎಂದು ಅದರಲ್ಲಿ ದಶಮಾಂಶದವರೆಗೆ ಬರೆದಿದೆ. ಹೊಳಪು ಕೇಸರಿಗೆ 21.5, ಬಿಳಿಗೆ 72.6, ಹಸಿರಿಗೆ 8.9.

ಈ ಮೂರು ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ಹಸಿರಿನ ಪಕ್ಕ ಬಿಳಿ ಇಟ್ಟರೆ ಹೊಳಪಿನಲ್ಲಿ ಎಂಟು ಪಟ್ಟು ವ್ಯತ್ಯಾಸ. ಕೇಸರಿ, ಹಸಿರು ಅಕ್ಕಪಕ್ಕ ಬಂದಿದ್ದರೆ ಎರಡೂವರೆ ಪಟ್ಟೂ ಇಲ್ಲ. ಮೋಡದ ಸಂಜೆ, ದೂರದ ಕಂಬ ಎಂದಾಗ ಕಣ್ಣು ಬಣ್ಣಕ್ಕಿಂತ ಹೊಳಪನ್ನು ಹಿಡಿದು ಅಂಚುಗಳನ್ನು ಗುರುತಿಸುತ್ತದೆ. ಕೆಂಪು ಹಸಿರಿನ ಭೇದ ಸರಿಯಾಗಿ ಕಾಣದವರಿಗಂತೂ ಹೊಳಪೇ ಆಧಾರ. ನಡುವೆ ಬಿಳಿ ಬಂದಿರುವುದರಿಂದ ಅಂಥವರಿಗೂ ಮೂರು ಪಟ್ಟಿ ಮೂರಾಗಿಯೇ ಕಾಣುತ್ತವೆ. ಕಡುನೀಲಿ ಚಕ್ರ ಕೂತಿರುವುದೂ ಬಿಳಿಯ ಮೇಲೇ. ಇದನ್ನೆಲ್ಲ ಲೆಕ್ಕ ಹಾಕಿಯೇ ಬಿಳಿಯನ್ನು ನಡುವೆ ಇಟ್ಟರು ಎಂದು ನಾನು ಹೇಳುತ್ತಿಲ್ಲ. ಆದರೆ ಇದಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಸಿಗುತ್ತಿರಲಿಲ್ಲ.

ಈ ಅಂಕಿಗಳೆಲ್ಲ ಬಟ್ಟೆಯಾಗುವ ಜಾಗ ನಮ್ಮಲ್ಲೇ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರಲ್ಲಿ ಹುಟ್ಟಿದ್ದು. ಅಲ್ಲಿ ಐಎಸ್ 1ಕ್ಕೆ ಒಪ್ಪುವ ಖಾದಿ ಬಾವುಟ ತಯಾರಾಗುತ್ತದೆ. ಬಟ್ಟೆಯನ್ನು ಮೂರು ಪಾಲು ಮಾಡಿ ಕೇಸರಿಗೆ, ಹಸಿರಿಗೆ ಅದ್ದುತ್ತಾರೆ, ಬಿಳಿಯನ್ನು ಬ್ಲೀಚ್ ಮಾಡುತ್ತಾರೆ. ಅಳತೆಗೆ ಕತ್ತರಿಸಿ, ಬಿಳಿ ಪಟ್ಟಿಯ ಎರಡೂ ಬದಿಗೆ ಚಕ್ರ ಅಚ್ಚು ಹಾಕುತ್ತಾರೆ. ಕಷ್ಟ ಇರುವುದು ಇಲ್ಲೇ. ಈ ಬದಿಯ ಅರದ ಹಿಂದೆ ಆ ಬದಿಯ ಅರ ಕರಾರುವಾಕ್ಕಾಗಿ ಬೀಳಬೇಕು. ಒಂದೆರಡು ಮಿಲಿಮೀಟರ್ ಜರುಗಿದರೆ ಬೆಳಕಿಗೆ ಹಿಡಿದಾಗ ಜೋಡಿ ಅರ ಕಾಣುತ್ತದೆ. ಆಮೇಲೆ ಹೊಲಿಗೆ. ಕಂಬದ ಕಡೆ ಹಗ್ಗ ಹಾಯುವ ಪಟ್ಟಿಗೆ ಬಳಸುವುದು ಖಾದಿ ಡಕ್ ಎಂಬ ದಪ್ಪನೆಯ ಬೇರೆ ಬಟ್ಟೆ, ಏಕೆಂದರೆ ಗಾಳಿಯ ಎಳೆತವೆಲ್ಲ ಕೊನೆಗೆ ಬಂದು ಸೇರುವುದು ಆ ಪಟ್ಟಿಗೆ.

ಗಾಳಿ ಸಣ್ಣ ಶತ್ರು ಅಲ್ಲ. ಬಾವುಟ ಪಟಪಟ ಬಡಿದುಕೊಳ್ಳುವುದು ಏಕೆ? ಗಾಳಿ ಬಟ್ಟೆಯ ಎರಡೂ ಬದಿಯಲ್ಲಿ ಹರಿಯುತ್ತದೆ. ಬಟ್ಟೆ ಎಲ್ಲೋ ಒಂದಿಷ್ಟು ಉಬ್ಬಿತು ಅನ್ನಿ. ಉಬ್ಬಿದ ಬದಿಯಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಉಬ್ಬು ಇನ್ನೂ ಬೆಳೆಯುತ್ತದೆ. ಬಟ್ಟೆಯ ಬಿಗಿತ ಅದನ್ನು ವಾಪಸ್ ಎಳೆಯುತ್ತದೆ. ಗಾಳಿ ಮೆಲ್ಲಗಿದ್ದಾಗ ಬಿಗಿತ ಗೆಲ್ಲುತ್ತದೆ, ಜೋರಾದಾಗ ಅಲೆ ಶುರುವಾಗಿ ತುದಿಯ ಕಡೆ ಓಡುತ್ತದೆ. 2000ದಲ್ಲಿ ನ್ಯೂಯಾರ್ಕಿನ ವಿಜ್ಞಾನಿಗಳು ಹರಿಯುವ ಸೋಪಿನ ತೆಳುಪೊರೆಯಲ್ಲಿ ಒಂದು ನೂಲು ಕಟ್ಟಿ ಇದನ್ನು ಪರೀಕ್ಷಿಸಿದರು. ಗಿಡ್ಡ ನೂಲು ನೆಟ್ಟಗೆ ನಿಂತಿತು, ಉದ್ದನೆಯದು ಬಡಿದುಕೊಂಡಿತು. ನಡುವಿನ ಉದ್ದದ್ದು ಎರಡೂ ಮಾಡಬಲ್ಲದು: ಸುಮ್ಮನಿದ್ದದ್ದು ಸುಮ್ಮನೇ ಇರುತ್ತದೆ, ಒಮ್ಮೆ ತಟ್ಟಿದರೆ ಬಡಿಯುತ್ತಲೇ ಇರುತ್ತದೆ.

ಬಡಿತ ಎಲ್ಲಕ್ಕಿಂತ ಜಾಸ್ತಿ ಇರುವುದು ಬಿಟ್ಟ ತುದಿಯಲ್ಲಿ. ಅದಕ್ಕೇ ಬಾವುಟ ಮೊದಲು ಹರಿಯುವುದು ಅಲ್ಲೇ. ಮೊದಲು ಹೊಲಿಗೆ ಬಿಡುತ್ತದೆ, ಆಮೇಲೆ ನೂಲು ಎದ್ದು ಜಾಲರಿಯಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ಸುಮಾರು ನಾಲ್ಕು ಪಟ್ಟು. ಬಾವುಟದ ವಿಸ್ತೀರ್ಣ ಬೆಳೆದಂತೆಯೂ ಎಳೆತ ಏರುತ್ತದೆ. 6300 ಮಿ.ಮೀ.ನ ಬಾವುಟ 900 ಮಿ.ಮೀ.ನದಕ್ಕಿಂತ ಉದ್ದದಲ್ಲಿ ಏಳು ಪಟ್ಟು, ಆದರೆ ಗಾಳಿಗೆ ಒಡ್ಡುವ ಬಟ್ಟೆ 49 ಪಟ್ಟು. ಅಟ್ಟಾರಿ ಗಡಿಯಲ್ಲಿ 2017ರಲ್ಲಿ ನೂರು ಮೀಟರಿಗೂ ಎತ್ತರದ ಕಂಬ ನಿಲ್ಲಿಸಿದಾಗ ಅದರ ಭಾರೀ ಬಾವುಟ ಮತ್ತೆ ಮತ್ತೆ ಹರಿದದ್ದು ಇದೇ ಲೆಕ್ಕದಿಂದ. ಹರಿದ, ಮಾಸಿದ ಬಾವುಟ ಹಾರಿಸಬಾರದು ಎನ್ನುತ್ತದೆ ಸಂಹಿತೆ. ಹಾಗಿದ್ದ ಮೇಲೆ ಎತ್ತರದ ಪೈಪೋಟಿಗಿಂತ, ನೋಡಿಕೊಳ್ಳಲು ಆಗುವಷ್ಟೇ ದೊಡ್ಡ ಬಾವುಟ ಹಾರಿಸುವುದು ಹೆಚ್ಚು ಗೌರವದ ಕೆಲಸ ಎಂದೇ ನನ್ನ ನಂಬಿಕೆ.

ಬಿಸಿಲಿನ ಕೆಲಸ ನಿಧಾನ. ಅದರ ಅತಿನೇರಳೆ ಕಿರಣ ಬಣ್ಣದ ಅಣುವಿನ ಕೊಂಡಿಗಳನ್ನು ಮುರಿಯುತ್ತದೆ. ಅಣುವಿನ ಉಳಿದ ಭಾಗ ಬಟ್ಟೆಯಲ್ಲೇ ಇದ್ದರೂ ಬಣ್ಣ ಹೋಗುತ್ತದೆ. ಬೆಳಕಿಗೆ, ನೀರಿಗೆ ಬಣ್ಣ ಎಷ್ಟು ತಡೆಯುತ್ತದೆ ಎನ್ನುವ ಪರೀಕ್ಷೆ ಮಾನಕದಲ್ಲೇ ಇದೆ.

ಸಂಹಿತೆಯ ಎಲ್ಲ ನಿಯಮಕ್ಕೂ ಹೀಗೆ ಭೌತಶಾಸ್ತ್ರದ ಕಾರಣ ಹುಡುಕಲು ಹೋಗಬಾರದು. ಬಾವುಟವನ್ನು ಚುರುಕಾಗಿ ಏರಿಸಿ, ನಿಧಾನವಾಗಿ ಗೌರವದಿಂದ ಇಳಿಸಬೇಕು ಎನ್ನುವುದು ಮನಸ್ಸಿನ ಮಾತು. ಶೋಕದ ದಿನ ಅರ್ಧಕ್ಕೆ ಹಾರಿಸುವಾಗಲೂ ಮೊದಲು ತುದಿಯವರೆಗೆ ಏರಿಸಿ ಆಮೇಲೆ ಅರ್ಧಕ್ಕೆ ತರುತ್ತಾರೆ, ಸಂಜೆ ಇಳಿಸುವ ಮುನ್ನ ಮತ್ತೆ ಒಮ್ಮೆ ತುದಿ ಮುಟ್ಟಿಸುತ್ತಾರೆ. ಬಟ್ಟೆ ನೆಲಕ್ಕೆ, ನೀರಿಗೆ ತಾಗಬಾರದು. ಅದರ ಮೇಲೆ ಏನನ್ನೂ ಬರೆಯಬಾರದು.

ಹಿಂದೆ ಸಾಮಾನ್ಯ ಜನ ವರ್ಷವಿಡೀ ಬಾವುಟ ಹಾರಿಸುವಂತಿರಲಿಲ್ಲ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆ ಆ ಅವಕಾಶ ಕೊಟ್ಟಿತು. ಗೌರವದಿಂದ ಧ್ವಜ ಹಾರಿಸುವುದು ನಾಗರಿಕರ ಹಕ್ಕು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಜುಲೈನಲ್ಲಿ ಮನೆಗಳ ಮೇಲೆ ಹಗಲು ರಾತ್ರಿ ಹಾರಿಸಲೂ ಅನುಮತಿ ಬಂತು. ಅದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ಪಾಲಿಯೆಸ್ಟರ್ ಮತ್ತು ಮಷಿನ್ನಿನಲ್ಲಿ ಮಾಡಿದ ಬಾವುಟಗಳಿಗೂ ಒಪ್ಪಿಗೆ ಸಿಕ್ಕಿತ್ತು. ಬೆಂಗೇರಿಯ ಸಂಘ ಇದನ್ನು ವಿರೋಧಿಸಿತು. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಬೇಗ ಒಣಗುತ್ತದೆ, ಮಳೆಯಲ್ಲೂ ಹಗುರವಾಗಿ ಹಾರುತ್ತದೆ. ಇದು ನಿಜ. ಆದರೂ ಕೈಯಿಂದ ನೂತ ನೂಲಿನ ಬಾವುಟಕ್ಕೆ ಒಂದು ಇತಿಹಾಸ ಇದೆ. ಅದನ್ನು ನಂಬಿದ ಹೆಣ್ಣುಮಕ್ಕಳ ಕೈಗಳಿಗೆ ಕೆಲಸವೂ ಇದೆ. ಸರ್ಕಾರಿ ಕಟ್ಟಡಗಳ ಮೇಲಾದರೂ ಖಾದಿಯೇ ಹಾರಲಿ ಎಂದು ನನ್ನ ಆಸೆ.

ಬಟ್ಟೆಯ ಈ ವ್ಯತ್ಯಾಸ ಕೊನೆಯಲ್ಲಿ ಮತ್ತೆ ಎದುರಾಗುತ್ತದೆ. ಕೆಟ್ಟುಹೋದ ಬಾವುಟವನ್ನು ಇಡಿಯಾಗಿ, ಖಾಸಗಿಯಾಗಿ, ಆದಷ್ಟು ಸುಟ್ಟು, ಗೌರವದಿಂದ ವಿಲೇವಾರಿ ಮಾಡಬೇಕು ಎನ್ನುತ್ತದೆ ಸಂಹಿತೆ. ಹತ್ತಿ ಎಂದರೆ ಸೆಲ್ಯುಲೋಸ್, ಬೇಗ ಹತ್ತಿಕೊಂಡು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ತೊಟ್ಟಿಕ್ಕುತ್ತದೆ, ಕಪ್ಪು ಹೊಗೆ ಬಿಟ್ಟು ಗಟ್ಟಿ ಉಂಡೆಯಾಗಿ ಉಳಿಯುತ್ತದೆ. ಹಾಗಾಗಿ ಮನೆಯಲ್ಲಿ ಪಾಲಿಯೆಸ್ಟರ್ ಬಾವುಟ ಇದ್ದರೆ ಆಗಸ್ಟ್ 15ರ ನಂತರ ಬಿಸಾಡುವ ಮಾತೇ ಬೇಡ. ನೆನೆದಿದ್ದರೆ ನೆರಳಲ್ಲಿ ಒಣಗಿಸಿ. ಕೇಸರಿ ಮತ್ತು ಹಸಿರನ್ನು ಬಿಳಿಯ ಹಿಂದಕ್ಕೆ ಮಡಚಿ. ಆಮೇಲೆ ಎರಡೂ ತುದಿಯನ್ನು ಒಳಕ್ಕೆ ಮಡಚಿ. ಚಕ್ರ ಮತ್ತು ಎರಡು ಬಣ್ಣದ ಒಂದಿಷ್ಟು ಭಾಗ ಮೇಲೆ ಕಾಣಬೇಕು. ಹಾಗೆ ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಅದೇ ಬಾವುಟ ಸಾಕಾಗುತ್ತದೆ.