ತೋಟದ ಕತ್ತಲೆಯಂಥ ಪರದೆ

ಮುಂಗಾರು ಇನ್ನೇನು ಬಂತು ಅನ್ನುವ ಹೊತ್ತಿಗೆ ನಮ್ಮ ಕಾಫಿ ತೋಟದಲ್ಲಿ ಮಿಂಚುಹುಳಗಳು ಏಳುತ್ತವೆ. ಗಾಳಿಗೆ ಯಾವುದೋ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿರುತ್ತದೆ. ಜಗಲಿಯಲ್ಲಿ ಕೂತು ಮುಖದ ಮುಂದೆ ಕೈ ಹಿಡಿದರೆ ಕೈಯೂ ಕಾಣುವುದಿಲ್ಲ. ಅಂಥ ಹೊತ್ತಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಒಂದೇ ಒಂದು ಹುಳ ಮಿನುಗಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅದೇ ಹುಳ ಮಡಿಕೇರಿ ಪೇಟೆಯ ಬೀದಿದೀಪದ ಕೆಳಗೆ ಹಾರಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹುಳದ ಬೆಳಕು ಎರಡೂ ಕಡೆ ಅಷ್ಟೇ.

ಹೊಸ ಪ್ರೀಮಿಯಂ ಸಿನಿಮಾ ಹಾಲ್‌ಗಳ ಮಾತು ಬಂದಾಗಲೆಲ್ಲ ನನಗೆ ಈ ಹುಳ ನೆನಪಾಗುತ್ತದೆ. ದೊಡ್ಡ ಪರದೆ, ಜೋರು ಸೌಂಡು ಅಂತ ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕೇಳಿದರೆ, ಅಲ್ಲಿ ದುಡ್ಡು ಕೊಟ್ಟು ನೋಡಬೇಕಾದ್ದು ಕಪ್ಪನ್ನು. ಕೇಳಬೇಕಾದ್ದು ಸದ್ದು ಯಾವ ದಿಕ್ಕಿನಿಂದ ಬಂತು ಅನ್ನುವುದನ್ನು.

ಇದು ಈಗ ದೂರದ ಊರಿನ ಮಾತೂ ಅಲ್ಲ. 2025ರಲ್ಲಿ ಭಾರತಕ್ಕೆ ಬರುವ ಮೊದಲ ಆರು ‘ಡಾಲ್ಬಿ ಸಿನಿಮಾ’ಗಳ, ಅಂದರೆ ಡಾಲ್ಬಿ ಕಂಪನಿಯ ಪ್ರೀಮಿಯಂ ಹಾಲ್‌ಗಳ, ಪಟ್ಟಿ ಹೊರಬಿತ್ತು. ಪುಣೆ, ಹೈದರಾಬಾದ್, ಬೆಂಗಳೂರು, ಕೊಚ್ಚಿ, ತಿರುಚ್ಚಿ ಜೊತೆ ಅದರಲ್ಲಿ ಉಳಿಕ್ಕಲ್ ಎಂಬ ಹೆಸರೂ ಇತ್ತು. ಮೊದಲು ತೆರೆದದ್ದು ಪುಣೆಯದ್ದು. ಆದರೆ ನನ್ನ ಕಣ್ಣು ನಿಂತದ್ದು ಉಳಿಕ್ಕಲ್ ಮೇಲೆ. ಅದು ಕಣ್ಣೂರು ಜಿಲ್ಲೆಯ ಸಣ್ಣ ಪೇಟೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಗಡಿ ದಾಟಿದರೆ ಆಮೇಲೆ ಜಾಸ್ತಿ ದೂರವಿಲ್ಲ. ಒಳ್ಳೆಯ ಹಾಲ್ ಬೇಕೆಂದರೆ ಮೈಸೂರಿನ ಬಸ್ಸು ಹಿಡಿಯುವುದೇ ರೂಢಿಯಾದ ನಮಗೆ ಇದು ಸಣ್ಣ ಸಂಗತಿಯಲ್ಲ.

ಕಪ್ಪಿನ ವಿಷಯಕ್ಕೆ ಬರೋಣ. ಕಪ್ಪು ಬೆಳಕು ಅಂತ ಒಂದಿಲ್ಲ. ಪರದೆ ಬಿಳಿ. ಪ್ರೊಜೆಕ್ಟರ್ ಅದರ ಮೇಲೆ ಬೆಳಕು ಚೆಲ್ಲಬಲ್ಲದೇ ಹೊರತು ಕಪ್ಪನ್ನು ಬಳಿಯಲಾರದು. ಕಪ್ಪು ಕಾಣಬೇಕಾದರೆ ಆ ಜಾಗಕ್ಕೆ ಬೆಳಕು ಬೀಳಬಾರದು, ಅಷ್ಟೇ. ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ.

ಇವತ್ತಿನ ಬಹಳಷ್ಟು ಡಿಜಿಟಲ್ ಪ್ರೊಜೆಕ್ಟರ್‌ಗಳ ಒಳಗೆ ಕನ್ನಡಿಗಳಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಚಿಪ್ ಅದು. 4ಕೆ ಚಿಪ್ ಒಂದರ ಮೇಲೆ ಅಡ್ಡಕ್ಕೆ 4,096, ಉದ್ದಕ್ಕೆ 2,160 ಕನ್ನಡಿಗಳು. ಅಂದರೆ 88 ಲಕ್ಷಕ್ಕೂ ಹೆಚ್ಚು. ಒಂದೊಂದೂ ನಮ್ಮ ಕೂದಲೆಳೆಗಿಂತ ಎಷ್ಟೋ ಸಣ್ಣದು. ಕೆಂಪು, ಹಸಿರು, ನೀಲಿಗೆ ಒಂದೊಂದು ಚಿಪ್. ಪ್ರತಿ ಕನ್ನಡಿಯೂ ಸೆಕೆಂಡಿಗೆ ಸಾವಿರಾರು ಸಲ ಆ ಕಡೆ ಈ ಕಡೆ ವಾಲುತ್ತದೆ. ಒಂದು ಕಡೆ ವಾಲಿದರೆ ಬೆಳಕು ಲೆನ್ಸ್ ದಾಟಿ ಪರದೆಗೆ ಹೋಗುತ್ತದೆ. ಇನ್ನೊಂದು ಕಡೆ ವಾಲಿದರೆ ಪ್ರೊಜೆಕ್ಟರಿನ ಒಳಗೇ ಒಂದು ಕಪ್ಪು ಮೂಲೆಗೆ ಬಿದ್ದು ಸಾಯುತ್ತದೆ. ಹೆಚ್ಚು ಹೊತ್ತು ಪರದೆಯ ಕಡೆ ವಾಲಿದ ಕನ್ನಡಿ ಬೆಳ್ಳಗೆ ಕಾಣುತ್ತದೆ, ಕಡಿಮೆ ಹೊತ್ತು ವಾಲಿದ್ದು ಮಬ್ಬಾಗಿ.

ತೊಂದರೆ ಇರುವುದು ಆ ಸಾಯುವ ಬೆಳಕಿನಲ್ಲಿ. ಅದು ಪೂರ್ತಿ ಸಾಯುವುದಿಲ್ಲ. ಕನ್ನಡಿಗಳ ಅಂಚಿಗೆ, ಲೆನ್ಸಿಗೆ ತಾಗಿ ಸ್ವಲ್ಪ ಚದುರಿ ಪರದೆಗೆ ಹೋಗಿಯೇ ಹೋಗುತ್ತದೆ. ಹಾಗಾಗಿ ಮಾಮೂಲಿ ಹಾಲ್‌ನಲ್ಲಿ ಅಮಾವಾಸ್ಯೆಯ ರಾತ್ರಿಯೂ ಬೂದಿ ಬಣ್ಣವಾಗಿ ಕಾಣುತ್ತದೆ.

ಡಾಲ್ಬಿ ಸಿನಿಮಾದ ಪ್ರೊಜೆಕ್ಟರ್ ಇದಕ್ಕೆ ಹೂಡಿದ ಉಪಾಯ ಗದ್ದೆ ಮಾಡಿದವರಿಗೆ ತಕ್ಷಣ ಅರ್ಥವಾಗುತ್ತದೆ. ತೂಬು ಎಷ್ಟು ಬಿಗಿಯಾಗಿ ಮುಚ್ಚಿದರೂ ಸ್ವಲ್ಪ ನೀರು ಸೋರುತ್ತದೆ ಅಲ್ವಾ? ಅದೇ ಕಾಲುವೆಗೆ ಇನ್ನೂ ಸ್ವಲ್ಪ ಕೆಳಗೆ ಎರಡನೇ ತೂಬು ಇಟ್ಟರೆ? ಮೊದಲನೆಯದರಲ್ಲಿ ಸಾವಿರದಲ್ಲಿ ಒಂದು ಪಾಲು ಸೋರಿತು ಅನ್ನಿ. ಎರಡನೆಯದು ಆ ಒಂದು ಪಾಲಿನಲ್ಲೂ ಸಾವಿರದಲ್ಲಿ ಒಂದನ್ನಷ್ಟೇ ಬಿಡುತ್ತದೆ. ಕೊನೆಗೆ ಸೋರಿದ್ದು 10 ಲಕ್ಷದಲ್ಲಿ ಒಂದು. ಈ ಪ್ರೊಜೆಕ್ಟರಿನಲ್ಲೂ ಬೆಳಕು ಒಂದು ಕನ್ನಡಿ ಚಿಪ್ ದಾಟಿ ಇನ್ನೊಂದಕ್ಕೆ ಬೀಳುತ್ತದೆ. ಅಚ್ಚ ಬಿಳಿಗೂ ಅಚ್ಚ ಕಪ್ಪಿಗೂ ಇರುವ ಅಂತರ 10 ಲಕ್ಷಕ್ಕೆ 1 ಎಂದು ಡಾಲ್ಬಿ ಹೇಳುತ್ತದೆ. ಮಾಮೂಲಿ ಡಿಜಿಟಲ್ ಪ್ರೊಜೆಕ್ಟರಿನಲ್ಲಿ ಇದು ಸುಮಾರು 2,000ಕ್ಕೆ 1.

ಇಷ್ಟಾದ ಮೇಲೂ ಎದುರು ಸಾಲಿನಲ್ಲಿ ಒಬ್ಬರು ಫೋನ್ ತೆಗೆದರೆ ಎಲ್ಲಾ ಹಾಳು. ಗೋಡೆ, ಸೀಟು, ಬಿಳಿ ಅಂಗಿ, ಎಲ್ಲವೂ ಪರದೆಯ ಬೆಳಕನ್ನು ಪರದೆಗೇ ವಾಪಸ್ ಎಸೆಯುತ್ತವೆ. ಅದಕ್ಕೇ ಈ ಹಾಲ್‌ಗಳ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ.

ಇನ್ನು ಬೆಳಕು. ನಮ್ಮೂರ ಟಾಕೀಸ್ ಈಗಿಲ್ಲ. ಕಾಲೇಜಿನಲ್ಲಿದ್ದಾಗ ಒಂದು ಸಲ ಅದರ ಕ್ಯಾಬಿನ್ ಒಳಗೆ ಹೋಗಿದ್ದೆ. ಆಪರೇಟರ್ ಮಾಮ ದಪ್ಪ ಕೈಗವಸು ಹಾಕಿ, ಮುಖಕ್ಕೆ ಪ್ಲಾಸ್ಟಿಕ್ ಮುಸುಕು ಇಳಿಸಿ, ಬಲ್ಬ್ ಬದಲಿಸುತ್ತಿದ್ದರು. ಮೊಳದುದ್ದದ ಗಾಜು, ನಡುವೆ ಮೊಟ್ಟೆಯ ಹಾಗೆ ಉಬ್ಬು, ಒಳಗೆ ಎರಡು ಲೋಹದ ಮೊನೆಗಳು. "ಬೆರಳು ತಾಗಿಸಬೇಡ ಮಗಾ, ಕೈಯ ಜಿಡ್ಡು ಕೂತರೆ ಅಲ್ಲೇ ಬಿಸಿಯೇರಿ ಒಡೆಯುತ್ತೆ" ಅಂದರು. ಅದು ಕ್ಸೆನಾನ್ ಬಲ್ಬ್. ತಣ್ಣಗಿರುವಾಗಲೇ ಅದರೊಳಗಿನ ಅನಿಲದ ಒತ್ತಡ ಹೊರಗಿನ ಗಾಳಿಯ ಹಲವು ಪಟ್ಟು. ಸಾವಿರ, ಎರಡು ಸಾವಿರ ಗಂಟೆ ಉರಿಯುತ್ತದೆ, ಉರಿಯುತ್ತಾ ದಿನದಿಂದ ದಿನಕ್ಕೆ ಮಂಕಾಗುತ್ತದೆ. ಹೊಸದಕ್ಕೆ ದುಬಾರಿ ಬೆಲೆ. ಆದ್ದರಿಂದ ಹಳೆಯದನ್ನೇ ಎಳೆಯುತ್ತಿದ್ದರು. ಎಷ್ಟೋ ಸಿನಿಮಾದ ರಾತ್ರಿ ದೃಶ್ಯಗಳನ್ನು ನಾನು ಸರಿಯಾಗಿ ನೋಡಿಯೇ ಇಲ್ಲ. ಆ ಬೇಸರ ಇವತ್ತಿಗೂ ಇದೆ.

ಪರದೆ ಎಷ್ಟು ಬೆಳಗುತ್ತದೆ ಅಂತ ಅಳೆಯುವ ಮಾನ ನಿಟ್. ಸಿನಿಮಾ ಪರದೆಯ ಬಿಳಿಗೆ ಗೊತ್ತುಮಾಡಿರುವ ಪ್ರಮಾಣ 48 ನಿಟ್. ನಮ್ಮ ಕೈಯಲ್ಲಿರುವ ಫೋನ್ ಇದರ ಹತ್ತು ಪಟ್ಟು ಸುಲಭವಾಗಿ ಕೊಡುತ್ತದೆ. ಡಾಲ್ಬಿ ಸಿನಿಮಾ ಸುಮಾರು 106 ನಿಟ್‌ಗೆ ಏರುತ್ತದೆ. ಅದನ್ನು ಕೊಡುವುದು ಲೇಸರ್. 20,000 ಗಂಟೆಗೂ ಹೆಚ್ಚು ಬಾಳುತ್ತದೆ, ಮಂಕಾಗುವುದೂ ನಿಧಾನ.

ಆದರೆ ಬೋರ್ಡಿನಲ್ಲಿ ಲೇಸರ್ ಅಂತ ಇದ್ದರೆ ಎಲ್ಲವೂ ಒಂದೇ ಅಲ್ಲ. ಕೆಲವು ಪ್ರೊಜೆಕ್ಟರಿನಲ್ಲಿ ನೀಲಿ ಲೇಸರ್ ಒಂದೇ ಇರುತ್ತದೆ. ಅದು ಫಾಸ್ಫರ್ ಎಂಬ, ಬೆಳಕು ಬಿದ್ದರೆ ತಾನೂ ಬೆಳಗುವ ಪುಡಿ ಬಳಿದ ಚಕ್ರಕ್ಕೆ ಬಿದ್ದು ಹಳದಿ ಬೆಳಕು ಹುಟ್ಟುತ್ತದೆ, ಅದರಿಂದ ಉಳಿದ ಬಣ್ಣ. ಖರ್ಚು ಕಡಿಮೆ, ಸಣ್ಣ ಊರಿನ ಹಾಲ್‌ಗೆ ಒಳ್ಳೆಯದೇ. ದುಬಾರಿಯದ್ದರಲ್ಲಿ ಕೆಂಪು, ಹಸಿರು, ನೀಲಿಗೆ ಬೇರೆ ಬೇರೆ ಲೇಸರ್‌ಗಳಿರುತ್ತವೆ. ಬಣ್ಣದ ಹರವು ಇಲ್ಲೇ ಜಾಸ್ತಿ. ಆದರೆ ಲೇಸರ್ ಬೆಳಕಿನ ಅಲೆಗಳು ಒಂದೇ ತಾಳಕ್ಕೆ ಹೆಜ್ಜೆ ಹಾಕುವುದರಿಂದ ಪರದೆಯ ಮೇಲೆ ಸಣ್ಣ ಮರಳು ಮಿನುಗಿದಂತೆ ಕಾಣುವುದುಂಟು. ಒಂದೇ ಬಣ್ಣಕ್ಕೆ ಎರಡು ಮೂರು ಬಗೆಯ ಲೇಸರ್ ಬೆರೆಸಿ ಆ ತಾಳ ತಪ್ಪಿಸುತ್ತಾರೆ.

ಸದ್ದಿನ ಕಥೆ ನಮ್ಮವರಿಗೆ ಇನ್ನೂ ಹತ್ತಿರದ್ದು. ತೋಟಕ್ಕೆ ಆನೆ ಬಂದ ರಾತ್ರಿ ಎಲ್ಲರೂ ದೀಪ ಆರಿಸಿ ಕಿವಿಗೊಟ್ಟು ನಿಲ್ಲುತ್ತೇವೆ. ಆನೆ ನಡೆದರೆ ಸದ್ದಿಲ್ಲ. ಬೈನೆ ಮರ ಲಟಕ್ ಅಂದರೆ ಎಲ್ಲರ ತಲೆಯೂ ಒಂದೇ ಕಡೆ ತಿರುಗುತ್ತದೆ. ಯಾರೂ ಹೇಳಿಕೊಟ್ಟಿಲ್ಲ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಎಡಗಡೆಯ ಸದ್ದು ಎಡಗಿವಿಗೆ ಮೊದಲು, ಬಲಗಿವಿಗೆ ಆಮೇಲೆ. ಎರಡರ ನಡುವಿನ ಅಂತರ ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮಿದುಳಿಗೆ ಅಷ್ಟು ಸಾಕು.

ಮೇಲಿನಿಂದ ಬಂದ ಸದ್ದು? ಅದು ಎರಡೂ ಕಿವಿಗೆ ಒಟ್ಟಿಗೇ ತಲುಪುತ್ತದೆ. ಆಗ ಕೆಲಸಕ್ಕೆ ಬರುವುದು ಕಿವಿಯ ಹೊರಗಿನ ಮಡಿಕೆಗಳು. ಸದ್ದು ಬಂದ ಎತ್ತರಕ್ಕೆ ತಕ್ಕಂತೆ ಅವು ಅದರ ಕೀರಲು ಭಾಗವನ್ನು ಬೇರೆ ಬೇರೆ ಥರ ಬದಲಿಸುತ್ತವೆ. ಮಡಿಕೆ ಒಬ್ಬೊಬ್ಬರಿಗೆ ಒಂದೊಂದು ಥರ. ಅವರವರ ಮಿದುಳು ಅದನ್ನು ಚಿಕ್ಕಂದಿನಿಂದ ಕಲಿತಿರುತ್ತದೆ.

ಗೋಡೆಯ ಸ್ಪೀಕರ್ ಎಷ್ಟು ಜೋರಾದರೂ ನೆತ್ತಿಯ ಮೇಲೆ ಮಳೆ ಸುರಿಸಲು ಒದ್ದಾಡುವುದು ಇದರಿಂದಲೇ. 2012ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಎಂಬ ಸೌಂಡ್ ವ್ಯವಸ್ಥೆ ಸೀಲಿಂಗಿಗೂ ಸ್ಪೀಕರ್ ಹಾಕಿತು. ಅದಕ್ಕಿಂತ ದೊಡ್ಡ ಬದಲಾವಣೆ ಸದ್ದನ್ನು ಬರೆದಿಡುವ ರೀತಿಯಲ್ಲಿ ಆಯಿತು. ಮೊದಲು, ಈ ಸದ್ದು ಎಡಗೋಡೆಯ ಸ್ಪೀಕರ್‌ಗಳಿಗೆ ಅಂತ ಬರೆಯುತ್ತಿದ್ದರು. ಗೋಡೆಯಲ್ಲಿ ಹತ್ತಿದ್ದರೆ ಹತ್ತೂ ಒಂದನ್ನೇ ಹಾಡುತ್ತಿದ್ದವು. ಈಗ, ಈ ಹಕ್ಕಿ ಇಂಥ ಜಾಗದಲ್ಲಿದೆ, ಇಲ್ಲಿಂದ ಅಲ್ಲಿಗೆ ಹಾರುತ್ತಿದೆ ಅಂತ ಬರೆಯುತ್ತಾರೆ. ಯಾವ ಸ್ಪೀಕರ್ ಯಾವಾಗ ಮಾತಾಡಬೇಕು ಅನ್ನುವ ಲೆಕ್ಕವನ್ನು ಆಯಾ ಹಾಲ್‌ನ ಯಂತ್ರವೇ ಆ ಕ್ಷಣಕ್ಕೆ ಮಾಡುತ್ತದೆ. ಒಟ್ಟಿಗೆ 128 ಬಗೆಯ ಸದ್ದು, 64 ಸ್ಪೀಕರ್ ದಾರಿಗಳವರೆಗೆ.

ನಮ್ಮೂರ ಟಾಕೀಸಿಗೆ ತಗಡಿನ ಮಾಡು. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಲ್ಲಿ ಮಳೆ ಜೋರಾದರೆ ಹೀರೋ ಏನು ಹೇಳಿದ ಅಂತ ಕೇಳುತ್ತಲೇ ಇರಲಿಲ್ಲ. ಮಳೆ ಮಾತ್ರ ನಿಜವಾಗಿ ಮೇಲಿನಿಂದಲೇ ಬರುತ್ತಿತ್ತು.

ಮಾಕುಟ್ಟ ಇಳಿದು ಅಂಥ ಹಾಲ್‌ಗೆ ಹೋದಾಗ ಒಂದು ಕೆಲಸ ಮಾಡಿ. ನಡುವಿನ ಸಾಲಿಗಿಂತ ಸ್ವಲ್ಪ ಹಿಂದೆ, ಮಧ್ಯದ ಸೀಟು ತಗೊಳ್ಳಿ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲು ಪರದೆ ಕ್ಷಣ ಹೊತ್ತು ಕಪ್ಪಾಗುತ್ತದಲ್ಲ, ಆಗ ಪರದೆಯ ಅಂಚು ಎಲ್ಲಿದೆ ಅಂತ ಹುಡುಕಿ. ಬೂದಿ ಬಣ್ಣದ ಚೌಕ ಕಂಡರೆ ಅದು ಮಾಮೂಲಿ ಪ್ರೊಜೆಕ್ಟರ್. ಪರದೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗದಿದ್ದರೆ ಎರಡನೇ ತೂಬು ಕೆಲಸ ಮಾಡುತ್ತಿದೆ.