ಮೇಡಂ, ಸ್ವಲ್ಪ ಬುದ್ಧಿ ಹೇಳ್ರಿ

ಕುಷ್ಟಗಿ ಕಡೆ ಒಂದು ಹೈಸ್ಕೂಲು. ಸ್ಟಾಫ್ ರೂಮಿನಾಗ ಆರು ಮಂದಿ ಮಾಸ್ತರು ಚಹಾ ಕುಡಕೋತ ಕುಂತಾರ, ನಡುವ ಒಂಬತ್ತನೇ ಕ್ಲಾಸಿನ ಹುಡುಗನ್ನ ನಿಂದ್ರಿಸ್ಯಾರ. "ಮೇಡಂ, ಇವಗ ಸ್ವಲ್ಪ ಬುದ್ಧಿ ಹೇಳ್ರಿ, ನಮ್ಮ ಮಾತಂತೂ ಕೇಳಂಗಿಲ್ಲ" ಅಂದ್ರು ಹೆಡ್‌ಮಾಸ್ತರು. ಹುಡುಗನ್ನ ಹೊರಗ ಬೇವಿನ ಗಿಡದ ಕೆಳಗ ಕರಕೊಂಡು ಹೋಗಿ ಕೇಳಿದೆ, ಈ ವಾರ ಎಷ್ಟು ಮಂದಿ ನಿನಗ ಬುದ್ಧಿ ಹೇಳ್ಯಾರಪಾ? ಬೆರಳು ಮಡಚಿ ಎಣಿಸಿದ. ಅಜ್ಜಿ, ಕಾಕಾ, ಮಾಸ್ತರು ನಾಲ್ಕು ಮಂದಿ, ಕಿರಾಣಿ ಅಂಗಡಿಯವ, ಫೋನ್‌ನಾಗ ಅಪ್ಪ, ಗುಡಿ ಪೂಜಾರಿ. "ಒಂಬತ್ತು ಆದ್ರು, ನೀವು ಹತ್ತನೇಯವರು ರೀ" ಅಂದ.

ನಾನು ಮನಶ್ಶಾಸ್ತ್ರಜ್ಞೆ. ಎರಡು ದಿನ ಆಸ್ಪತ್ರಿ, ಎರಡು ದಿನ ಶಾಲಿಗಳು, ಉಳಿದ ದಿನ ಆಶಾ ಕಾರ್ಯಕರ್ತೆಯರ ಜೊತಿ ಹಳ್ಳಿ. ಗುಳಿಗಿ ಬರೆಯೋದು ಮನೋವೈದ್ಯರ ಕೆಲಸ, ನನ್ನದಲ್ಲ, ಅದನ್ನ ಹೇಳಿ ಹೇಳಿ ಸಾಕಾಗೈತಿ, ಬಿಡ್ರಿ. ಆದ್ರ ಈ "ಬುದ್ಧಿ ಹೇಳ್ರಿ" ಅನ್ನೋದು ಮಾತ್ರ ಮೂರೂ ಕಡೆ ಬೆನ್ನು ಬಿಡವಲ್ದು.

ಸ್ವಲ್ಪ ತಾಳ್ಮಿಯಿಂದ ಕೇಳ್ರಿ. ಕುಡಿಯೋ ಮನಿಷ್ಯಾಗ ಕುಡಿದ್ರ ಲಿವರ್ ಹೋಗ್ತೈತಿ ಅನ್ನೋದು ಗೊತ್ತಿಲ್ಲೇನು? ನನಗಿಂತ ಚಲೋ ಗೊತ್ತೈತಿ, ಅವನ ಅಣ್ಣನೇ ಹಂಗ ಹೋಗಿರ್ತಾನ. ಓದಿದ್ರ ನೌಕರಿ ಸಿಗ್ತೈತಿ ಅನ್ನೋದು ಆ ಹುಡುಗಗ ಗೊತ್ತಿಲ್ಲೇನು? ಗೊತ್ತಿದ್ದೂ ಮಾಡಾಕ ಆಗವಲ್ದು ಅನ್ನೋದೇ ಅವರ ಸಂಕಟ. ಅದರ ಮ್ಯಾಲ ಇನ್ನೊಬ್ಬರು ಕುಂತು ಅದನ್ನೇ ಹೇಳಿದ್ರ, ಅವಗ ಕೇಳಿಸೋದು "ನೀನು ಕೆಲಸಕ್ಕ ಬಾರದವ" ಅನ್ನೋದಷ್ಟೇ. ಕೌನ್ಸೆಲಿಂಗ್ ಅಂದ್ರ ನಾನು ಮಾತಾಡೋದಲ್ಲ, ನಡುವ ಅಡ್ಡ ಬಂದಿದ್ದೇನು ಅಂತ ಇಬ್ಬರೂ ಕೂಡಿ ಹುಡುಕೋದು. ಒಮ್ಮೊಮ್ಮೆ ಒಂದೇ ಸಲಕ್ಕ ಸಿಗ್ತೈತಿ, ಒಮ್ಮೊಮ್ಮೆ ಎಂಟು ಸಲ ಕುಂತ್ರೂ ಸಿಗಂಗಿಲ್ಲ, ಗ್ಯಾರಂಟಿ ಯಾರೂ ಕೊಡಂಗಿಲ್ಲ, ಕೊಟ್ರ ಅವರ ಹತ್ರ ಹೋಗಬ್ಯಾಡ್ರಿ.

ಆ ಹುಡುಗನ ಕಥಿ ಹೇಳ್ತೀನಿ, ಗುರುತು ಸಿಗದಂಗ ಬದಲಿಸೀನಿ. ಅಪ್ಪ ಅವ್ವ ಮಂಗಳೂರಾಗ ಕಟ್ಟಡ ಕೆಲಸ, ಇವ ಅಜ್ಜಿ ಜೊತಿ. ನಾನೂ ಮೊದಲು, ಓ ಅಪ್ಪ ಅವ್ವ ಇಲ್ಲದ್ದಕ್ಕ ಹಿಂಗ ಆಗ್ಯಾನ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ, ಓದಿದವರ ಚಟ ಅದು. ಸುಮ್ನ ನಾಲ್ಕನೇ ಕ್ಲಾಸಿನ ಕನ್ನಡ ಪುಸ್ತಕ ಕೊಟ್ಟು ಓದು ಅಂದೆ. ಮೊದಲ ಅಕ್ಷರ ನೋಡಿ ಉಳಿದಿದ್ದು ಊಹೆ ಮಾಡ್ತಿದ್ದ, ಒತ್ತಕ್ಷರ ಬಂದ ಕೂಡಲೇ ಕೆಮ್ಮು. ಪುಸ್ತಕ ಮುಚ್ಚಿ, ಹತ್ತಿ ಬಿಡಿಸಾಕ ಕೆಜಿಗೆ 12 ರೂಪಾಯಿ, 35 ಕೆಜಿ ಬಿಡಿಸಿದ್ರ ಎಷ್ಟು ಅಂದೆ. "ನಾನೂರಾ ಇಪ್ಪತ್ತು, ಆದ್ರ ತೂಕದಾಗ ಒಂದು ಕೆಜಿ ಹೊಡಿತಾರ್ರೀ" ಅಂದ! ಆಮ್ಯಾಲ ಬುದ್ಧಿಮಟ್ಟ ಅಳೆಯೋ ಬಿನೆ-ಕಾಮತ್ ಪರೀಕ್ಷೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರ ಓದು ಬರಹದ ಪರೀಕ್ಷೆ ಎಲ್ಲಾ ಆತು. ಬುದ್ಧಿ ಹೇಳ್ರಿ ಅಂತ ನಿಂದ್ರಿಸಿದ್ದ ಹುಡುಗನ ಬುದ್ಧಿಮಟ್ಟ ವಯಸ್ಸಿಗೆ ಸರಿಯಾಗೇ ಇತ್ತು, ಅವಗ ಇದ್ದಿದ್ದು ಕಲಿಕಾ ನ್ಯೂನತೆ, ಅಂದ್ರ ಬುದ್ಧಿ ಸರಿ ಇದ್ರೂ ಓದು ಬರಹ ತಲಿಗೆ ಹತ್ತದಂಗ ಆಗೋದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಾಗ ಇದೂ ಒಂದು, ಸರ್ಟಿಫಿಕೇಟ್ ಇದ್ರ ಪರೀಕ್ಷೆಯಾಗ ಹೆಚ್ಚಿನ ಟೈಮು, ಬರೆಯಾಕ ಸಹಾಯಕರನ್ನ ಕೇಳಬಹುದು. (ಓದಾಕ ಬರದ ಹುಡುಗರಿಗೆಲ್ಲಾ ಇದೇ ಇರ್ತೈತಿ ಅಂತ ತಿಳ್ಕೋಬ್ಯಾಡ್ರಿ ಮತ್ತ. ಕಣ್ಣು, ಕಿವಿ ಮೊದಲು ತೋರಿಸ್ರಿ, ವರ್ಷದಾಗ ನಾಲ್ಕು ತಿಂಗಳು ಶಾಲಿಗೇ ಹೋಗದವರ ಲೆಕ್ಕ ಬ್ಯಾರೆ.)

ಆಸ್ಪತ್ರ್ಯಾಗ ಇದೇ ಮಾತು ಇನ್ನೂ ಕಠೋರ. ಬದುಕು ಬ್ಯಾಡಂತ ಜೀವಕ್ಕ ಅಪಾಯ ಮಾಡಿಕೊಂಡು, ಹೆಂಗೋ ಉಳಿದು ಮಲಗಿರ್ತಾರ, ಮಂಚದ ಸುತ್ತ ಎಂಟು ಮಂದಿ ನಿಂತು "ಮಕ್ಕಳ ಮಕ ನೋಡಬಾರದಾಗಿತ್ತೇನು" ಅಂತ ಬೈತಿರ್ತಾರ, ನನ್ನ ಕಂಡ ಕೂಡಲೇ "ಡಿಸ್ಚಾರ್ಜ್ ಆಗೋದ್ರಾಗ ನಾಲ್ಕು ಮಾತು ಹೇಳಿಬಿಡ್ರಿ" ಅಂತಾರ. 2017ರ ಮಾನಸಿಕ ಆರೋಗ್ಯ ಕಾಯ್ದೆನೇ ಹೇಳ್ತೈತಿ, ಇಂಥವರು ತೀವ್ರ ಒತ್ತಡದಾಗ ಇದ್ರು ಅಂತಲೇ ತಿಳೀಬೇಕು, ಸರ್ಕಾರ ಆರೈಕೆ ಕೊಡಬೇಕು ಅಂತ. ಕಾನೂನಿಗೆ ಇರೋ ಕರುಣಾ ನಮಗ ಬ್ಯಾಡೇನ್ರೀ? ಒಬ್ಬ ತಾಯಿ ಹತ್ರ ಹೋದಾಗ ಮೊದಲು ಅವರ ಅತ್ತಿನ್ನ ಚಹಾ ತರಾಕ ಕಳಿಸಿದೆ. ಹತ್ತು ನಿಮಿಷ ಇಬ್ಬರೂ ಸುಮ್ನ ಕುಂತ್ವಿ. ಆಮ್ಯಾಲ ಆಕಿನೇ ಬಾಯಿ ಬಿಟ್ಳು, "ನಿಮ್ದು ಊಟ ಆತೇನ್ರೀ?"

ಸಾಯೋ ವಿಚಾರ ಬರ್ತೈತೇನು ಅಂತ ನೇರ ಕೇಳಿದ್ರ ಇಲ್ಲದ್ದು ತಲಿಗೆ ತುಂಬಿದಂಗ ಆಗ್ತೈತಿ ಅಂತ ಮನಿಯವರು ಅಂಜತಾರ. ಆಗಂಗಿಲ್ಲ. ಕೇಳ್ರಿ, ಕೇಳಿ ಜೊತಿಗೆ ಇರ್ರಿ. ರಾತ್ರಿ ಹೊತ್ತು ಏನೂ ತಿಳೀದಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಹಚ್ರಿ, ದುಡ್ಡಿಲ್ಲ, ಕನ್ನಡದಾಗ ಮಾತಾಡ್ತಾರ.

"ಒಳಗ ಏನಂದ ಹೇಳ್ರಿ" ಅಂತ ಬಾಗಿಲಾಗ ಹಿಡಿಯೋರಿಗೂ ಒಂದು ಮಾತು. ಹೇಳಂಗಿಲ್ಲ. ಜೀವಕ್ಕ ಅಪಾಯ ಇದ್ರ ಹೇಳ್ತೀನಿ, ಮಕ್ಕಳ ಮ್ಯಾಲ ಲೈಂಗಿಕ ದೌರ್ಜನ್ಯ ಆಗಿದ್ರ 2012ರ ಪೋಕ್ಸೋ ಕಾಯ್ದೆ ಪ್ರಕಾರ ದೂರು ಕೊಡಲೇಬೇಕು, ಇದನ್ನ ಮಗುವಿಗೂ ಮೊದಲೇ ಹೇಳಿರ್ತೀನಿ. ಉಳಿದಿದ್ದು ಅವರದ್ದು.

ಇಷ್ಟೆಲ್ಲಾ ಅಂದ್ರೂ ಹಳ್ಳಿ ಮಂದಿನ್ನ ಬೈಯಾಕ ನನಗ ಮನಸ್ಸು ಬರಂಗಿಲ್ಲ, ಹೇಳಿಕೊಟ್ರ ಕಲೀತಾರ ಅನ್ನೋದಕ್ಕ ನಮ್ಮ ಕಡೆನೇ ಸಾಕ್ಷಿ ಐತಿ. 1985ರ ಹೊತ್ತಿಗೆ ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿಯಾಗ ಹಳ್ಳಿ ಆಸ್ಪತ್ರಿ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಟ್ರೇನಿಂಗ್ ಕೊಟ್ಟು ಮಾನಸಿಕ ಕಾಯಿಲಿ ನೋಡಾಕ ಕಲಿಸಿದ್ರು, ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕ ಅದೇ ಮಾದರಿ ಆತು. ಈಗ ತಾಲೂಕು ಆಸ್ಪತ್ರ್ಯಾಗ ಮಂಗಳವಾರ ಮಾನಸಿಕ ಕಾಯಿಲಿ ನೋಡೋ ಮನೋಚೈತನ್ಯ ಕ್ಲಿನಿಕ್ ಐತಿ. ನಮ್ಮ ಕಡೆ ಮಂಗಳವಾರ ಹುಲಿಗಿ ಊರಿನ ದೇವಿ ಹುಲಿಗೆಮ್ಮನ ವಾರ ಬ್ಯಾರೆ, ಹಣಿ ತುಂಬ ಭಂಡಾರ ಹಚ್ಚಿಕೊಂಡು ಹುಲಿಗಿಯಿಂದ ಸೀದಾ ಬಂದು ಪಾಳಿ ಹಚ್ಚಿರ್ತಾರ. ಹಚ್ಚಲಿ, ಗುಳಿಗಿ ಬಿಡದಿದ್ರ ಸಾಕು.

ಮಗುನ್ನ ಕರಕೊಂಡು ಬರೋರು ಮಾರ್ಕ್ಸ್ ಕಾರ್ಡ್ ತರಬ್ಯಾಡ್ರಿ, ಹಳೇ ನೋಟ್‌ಬುಕ್ ತರ್ರಿ, ಹರಿದಿದ್ರೂ ಪರವಾಗಿಲ್ಲ, ಎರಡು ಮೂರು ವರ್ಷದ್ದು ಇದ್ರ ಇನ್ನೂ ಚಲೋ. ಮತ್ತ ಮಗುವಿನ ಜೊತಿ ಒಬ್ಬರೇ ಬರ್ರಿ, ಜೀಪ್ ತುಂಬಿಕೊಂಡು ಬಂದ್ರ ಕುಂದ್ರಾಕ ನಮ್ಮ ರೂಮಿನಾಗ ಇರೋದು ಮೂರೇ ಕುರ್ಚಿ.